ಗುಂಡಿಗೆ ಬಗ್ಗದ ಹಡಗುಗಳ ಪ್ರಹಸನ

ಕಬ್ಬಿಣದ ಕವಚ ತೊಟ್ಟ ಎರಡು ಹಡಗುಗಳು ಮೊದಲ ಸಲ ಎದುರುಬದುರಾಗಿ ಕಾದಾಡಿದ್ದು 1862ರ ಮಾರ್ಚ್ 9ರಂದು, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಕಡಲ ಜಲಮಾರ್ಗವಾದ ಹ್ಯಾಂಪ್ಟನ್ ರೋಡ್ಸ್‌ನಲ್ಲಿ. ಯುದ್ಧವೆಂದು ನೋಡಿದರೆ ಅದು ಕಳಪೆ. ಪ್ರಹಸನವೆಂದು ನೋಡಿದರೆ ಮೊದಲ ದರ್ಜೆಯದು. ಸುಮಾರು ನಾಲ್ಕು ಗಂಟೆ ತೀರಾ ಹತ್ತಿರದಿಂದ ಗುಂಡು ಹಾರಿಸಿದರೂ ಎರಡು ಹಡಗುಗಳಲ್ಲಿ ಒಬ್ಬನೂ ಸಾಯಲಿಲ್ಲ.

ದಕ್ಷಿಣದವರ ‘ವರ್ಜೀನಿಯಾ’ ಹಿಂದಿನ ದಿನ ಎರಡು ಮರದ ಹಡಗುಗಳನ್ನು ನಾಶಮಾಡಿತ್ತು. ಗುಂಡು ಜಾರಿಹೋಗಲೆಂದು ಅದರ ಇಳಿಜಾರು ಪಕ್ಕೆಗಳಿಗೆ ಕೊಬ್ಬು ಬಳಿದಿದ್ದರು. ಕಾದಾಟದ ಕಾವಿಗೆ ಅದು ಹುರಿದು ವಾಸನೆ ಹಬ್ಬಿತು. ಮರದ ಹಡಗುಗಳೇ ಸಿಗುತ್ತವೆಂದು ಮದ್ದು ತುಂಬಿದ ಸಿಡಿಗುಂಡುಗಳನ್ನೇ ತಂದಿದ್ದರಿಂದ ಎದುರಾಳಿಯ ಕಬ್ಬಿಣವನ್ನು ತೂರುವ ಗುಂಡು ಅದರ ಬಳಿ ಇರಲಿಲ್ಲ. ಉತ್ತರದವರ ‘ಮಾನಿಟರ್’ ಬಳಿ ದೊಡ್ಡ ತೋಪುಗಳೇನೋ ಇದ್ದವು, ಆದರೆ ಸಿಡಿದುಹೋದಾವೆಂಬ ಭಯಕ್ಕೆ ಮದ್ದನ್ನು 15 ಪೌಂಡಿಗೆ ಮಿತಿಗೊಳಿಸಲಾಗಿತ್ತು. ಅದರ ತಿರುಗು ಗೋಪುರ ಚನ್ನಪಟ್ಟಣದ ಬುಗುರಿಯ ಜಾತಿಯದು: ತಿರುಗಿಸುವುದೇ ಕಷ್ಟ, ತಿರುಗಿದ ಮೇಲೆ ನಿಲ್ಲಿಸುವುದು ಇನ್ನೂ ಕಷ್ಟ. ಶತ್ರು ಕಂಡಿಯಲ್ಲಿ ಹಾದುಹೋದಾಗ ಹೊಡೆಯುವುದೊಂದೇ ದಾರಿ. ಎಡ ಬಲ ತಿಳಿಯಲು ಕೆಳಗಿನ ಡೆಕ್ಕಿನ ಮೇಲೆ ಹಾಕಿದ್ದ ಬಿಳಿ ಗುರುತುಗಳು ಬೇಗನೆ ಅಳಿಸಿಹೋದವು. ಕ್ಯಾಪ್ಟನ್ನನ ಆಜ್ಞೆ ಮುಟ್ಟಿಸುವ ಕೊಳವೆ ಮುರಿದ ಮೇಲೆ, ಲೆಕ್ಕಪತ್ರದ ಅಧಿಕಾರಿ ಮತ್ತು ಕ್ಯಾಪ್ಟನ್ನನ ಗುಮಾಸ್ತ ಓಡಾಡಿ ಸುದ್ದಿ ಸಾಗಿಸಿದರು. ಇಬ್ಬರಿಗೂ ಹಡಗಿನ ಭಾಷೆ ಬಾರದು, ಆಜ್ಞೆಗಳು ದಾರಿಯಲ್ಲೇ ರೂಪ ಬದಲಿಸಿದವು.

ಕ್ಯಾಪ್ಟನ್ ವರ್ಡನ್ನನ ಕಣ್ಣಿಗೆ ಗಾಯವಾಗಿ ‘ಮಾನಿಟರ್’ ದೂರ ಸರಿಯಿತು. ಅದು ಓಡಿತೆಂದು ‘ವರ್ಜೀನಿಯಾ’ ಹೊರಟಿತು. ಮರಳಿ ಬಂದ ‘ಮಾನಿಟರ್’ಗೆ ಎದುರಾಳಿಯೇ ಓಡಿದಂತೆ ಕಂಡಿತು. ಗೆದ್ದವರು ಇಬ್ಬರೂ! ಮುಂದೆ ಒಂದನ್ನು ಅದರ ಸಿಬ್ಬಂದಿಯೇ ಸ್ಫೋಟಿಸಿದರು, ಇನ್ನೊಂದು ಬಿರುಗಾಳಿಗೆ ಮುಳುಗಿತು.

ಕವಚದ ಮೇಲಿನ ಕುರುಡು ಭರವಸೆಗೆ ಇದಕ್ಕಿಂತ ಹಳೆಯ ನಿದರ್ಶನ ಮಾಗಡಿಯ ಸಾವನದುರ್ಗ. ಇಲ್ಲಿ ಕವಚ ಕಗ್ಗಲ್ಲಿನದು. ಮುತ್ತುವ ಬ್ರಿಟಿಷರ ಅರ್ಧ ಸೈನ್ಯ ಕಾಡಿನ ಜ್ವರಕ್ಕೆ, ಉಳಿದರ್ಧ ಬಂಡೆಯ ಬಳಿ ಸಾಯುತ್ತದೆ ಎಂದು ಟಿಪ್ಪುವಿನ ಕಡೆಯವರು ಹಿಗ್ಗಿದ್ದರೆಂದು ಬ್ರಿಟಿಷರು ಬರೆದಿದ್ದಾರೆ. 1791ರ ಡಿಸೆಂಬರ್ 17ರಂದು ಕಾರ್ನ್‌ವಾಲಿಸನ ಸೇನೆಯ ತೋಪುಗಳು ಗುಡುಗಿದವು; 21ರಂದು ಒಂದು ಗಂಟೆಯೊಳಗೆ ಕೋಟೆ ಬಿತ್ತು. ದಾಳಿಕೋರರಲ್ಲಿ ಗಾಯಗೊಂಡವನು ಒಬ್ಬನೇ ಸೈನಿಕ. ಪ್ರಪಾತಕ್ಕೆ ಬಿದ್ದು ಸತ್ತ ಕಾವಲುಗಾರರಿಗೆ ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಕವಚ ಉಳಿದು ಯುದ್ಧ ತೀರ್ಮಾನವಾಗಲಿಲ್ಲ. ಸಾವನದುರ್ಗದಲ್ಲಿ ಕವಚವಿದ್ದೂ ಕಾದಾಡುವವರ ಎದೆ ನಿಲ್ಲಲಿಲ್ಲ.

ಕವಚದ ಹಡಗುಗಳ ಕಾದಾಟದಿಂದ ನೌಕಾಪಡೆಗಳು ಕಲಿತ ಪಾಠವಂತೂ ಇನ್ನೂ ವಿಚಿತ್ರ. 1866ರ ಲಿಸ್ಸಾ ಕದನದಲ್ಲಿ, ಚುಕ್ಕಾಣಿ ಕೆಟ್ಟು ಹೆಚ್ಚುಕಡಿಮೆ ನಿಂತೇಹೋಗಿದ್ದ ಇಟಲಿಯ ಹಡಗೊಂದನ್ನು ಆಸ್ಟ್ರಿಯಾದವರು ಮೂತಿಯಿಂದ ಗುದ್ದಿ ಮುಳುಗಿಸಿದರು. ನಿಂತದ್ದಕ್ಕೆ ಗುದ್ದುವುದು ಸುಲಭ ಎಂಬುದನ್ನು ಬಿಟ್ಟು, ಗುದ್ದುವುದೇ ಮಹಾಸ್ತ್ರ ಎಂದು ಜಗತ್ತು ಮೂತಿ ಕಟ್ಟತೊಡಗಿತು. ಆ ಮೂತಿಗಳು ಬ್ರಿಟನ್ನಿನ ಸ್ವಂತ ಹಡಗುಗಳನ್ನೇ ನುಂಗಿದವು: 1875ರಲ್ಲಿ ‘ವ್ಯಾನ್‌ಗಾರ್ಡ್’, 1893ರಲ್ಲಿ 358 ಮಂದಿಯೊಂದಿಗೆ ‘ವಿಕ್ಟೋರಿಯಾ’.

ಮುಂಬೈ ಬಂದರಿನ ರಕ್ಷಣೆಗೆ 1870ರಲ್ಲಿ ನೀರಿಗಿಳಿದ ‘ಮ್ಯಾಗ್ಡಾಲಾ’ ಮತ್ತು ‘ಅಬಿಸಿನಿಯಾ’ ಎಂಬ ಮಾನಿಟರ್ ಮಾದರಿಯ ಹಡಗುಗಳು ಶತ್ರುವನ್ನೇ ಕಾಣದೆ ಮೂರು ದಶಕ ಕಳೆದು, 20ನೇ ಶತಮಾನದ ಆರಂಭದಲ್ಲಿ ಮಾರಾಟವಾದವು.