ಕೇಶವೂ ಪಾತ್ರಸ್ವಭಾವವೂ

ಗಿರಿಜಾ ಮೀಸೆ ಕಂಡೊಡನೆ ಗರ್ವಿಷ್ಠನೆಂದೂ, ಕೆದರಿದ ತಲೆ ಕಂಡೊಡನೆ ಕವಿಯೆಂದೂ ತೀರ್ಮಾನಿಸುವ ಅಭ್ಯಾಸ ವಾಚಕರಲ್ಲಿದೆ. ಯಕ್ಷಗಾನದ ಬಣ್ಣದ ವೇಷಕ್ಕೆ ಇದು ಸಲ್ಲುತ್ತದೆ. ಅಲ್ಲಿ ಪಾತ್ರವು ರಂಗಕ್ಕೆ ಬಂದ ಕ್ಷಣವೇ ಗುರುತು ಸಿಗಬೇಕು. ಕಾವ್ಯ, ಕಾದಂಬರಿಗಳಲ್ಲಿ ಕೇಶವು ಇದಕ್ಕಿಂತ ಗಹನವಾದ ಕೆಲಸ ಮಾಡುತ್ತದೆಂದು ನಾವು ಭಾವಿಸುತ್ತೇವೆ.

ರನ್ನನ ‘ಗದಾಯುದ್ಧ’ದಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಅವಳ ಛಲದ ಕುರುಹು. ಭೀಮನು ಅದನ್ನು ಕಟ್ಟುವವರೆಗೆ ಕಾವ್ಯ ಮುಗಿಯದು. ಇಲ್ಲಿ ಕೇಶವೂ ಸ್ವಭಾವವೂ ಒಂದೇ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇದಕ್ಕೆ ತೀರ ಭಿನ್ನ. ಬಾಲವಿಧವೆಯ ಕೂದಲನ್ನು ಸಂಪ್ರದಾಯವು ತೆಗೆಯಿಸುತ್ತದೆ. ಆ ಬೋಳುತಲೆ ಸಮಾಜದ ಸ್ವಭಾವವನ್ನು ಹೇಳುತ್ತದೆಯೇ ಹೊರತು ಅವಳದನ್ನಲ್ಲ. ಅವಳ ಸ್ವಭಾವ ನಮಗೆ ತಿಳಿಯುವುದು, ಮಡಿಯ ಕಟ್ಟನ್ನು ಮೀರಿ ಅನ್ಯಜಾತಿಯ ಹೆಂಗಸಿನ ಹೆರಿಗೆಗೆ ಕೈನೀಡಿದಾಗ; ಎಳೆಯ ವಿಧವೆಯೊಬ್ಬಳು ಮುಂಡನವನ್ನು ಧಿಕ್ಕರಿಸಲು, ಬಲವಂತ ಬೇಡವೆಂದಾಗ.

ಆದುದರಿಂದ ಪಾತ್ರಪರಿಚಯ ಬರೆಯಿಸುವಾಗ ಉಪಾಧ್ಯಾಯರಾದ ನಾವು ಮಕ್ಕಳನ್ನು ಕೇಳಬೇಕಾದುದು ‘ಕೂದಲು ಹೇಗಿದೆ?’ ಎಂದಷ್ಟೇ ಅಲ್ಲ. ‘ಅದು ಹಾಗಿರಬೇಕೆಂದು ನಿಶ್ಚಯಿಸಿದವರು ಯಾರು?’ ಎಂದೂ ಕೇಳಬೇಕು.