ಶಾಕುಂತಲದ ಪರಭೃತ

ಅಭಿಜ್ಞಾನಶಾಕುಂತಲದ ಐದನೆಯ ಅಂಕದಲ್ಲಿ ಬರುವ ಕೋಗಿಲೆಯ ಮಾತು ರಸಿಕರ ನಾಲಗೆಯ ಮೇಲೆ ಬಹುಕಾಲದಿಂದ ನೆಲೆಸಿದೆ. ದುರ್ವಾಸರ ಶಾಪದಿಂದ ನೆನಪಳಿದ ದುಷ್ಯಂತನು, ಗರ್ಭಿಣಿಯಾಗಿ ಬಂದು ನಿಂತ ಶಕುಂತಲೆಯನ್ನು ತನ್ನ ಪತ್ನಿಯಲ್ಲವೆಂದು ನಿರಾಕರಿಸುವನು. ತಪೋವನದಲ್ಲಿ ಬೆಳೆದ ಈ ಮಗಳು ಕಪಟವನ್ನೇ ಅರಿಯಳೆಂದು ಗೌತಮಿಯು ಹೇಳಲು, ದೊರೆಯು ಕೊಡುವ ಉತ್ತರದ ತಾತ್ಪರ್ಯವಿದು: ಹೆಣ್ಣಿನ ಜಾಣತನವು ಕಲಿಸದೆ ಬಂದದ್ದು, ಮನುಷ್ಯರಲ್ಲದ ಪ್ರಾಣಿಗಳಲ್ಲಿಯೂ ಅದನ್ನು ಕಾಣಬಹುದು, ಹೆಣ್ಣುಕೋಗಿಲೆಗಳು ತಮ್ಮ ಮರಿಗಳನ್ನು, ಅವು ಆಕಾಶಕ್ಕೆ ಹಾರುವವರೆಗೆ, ಬೇರೆ ಹಕ್ಕಿಗಳಿಂದ ಸಾಕಿಸುವುವಲ್ಲವೆ?

ಈ ಪದ್ಯವನ್ನು ನಾಟಕದಿಂದ ಬಿಡಿಸಿ ಸುಭಾಷಿತದಂತೆ ಹೇಳುವ ವಾಡಿಕೆಯುಂಟು. ಸಾಮಾನ್ಯವನ್ನು ವಿಶೇಷದಿಂದ ಸಮರ್ಥಿಸುವ ಅರ್ಥಾಂತರನ್ಯಾಸಕ್ಕೆ ಇದನ್ನು ಉದಾಹರಿಸಿದರೆ ದೋಷವೇನೂ ಇಲ್ಲ. ಆದರೆ ಸ್ತ್ರೀಸ್ವಭಾವದ ವಿಷಯದಲ್ಲಿ ಕವಿಕುಲಗುರುವಿನ ತೀರ್ಪೇ ಇದೆಂದು ಪ್ರಮಾಣವಾಗಿ ಎತ್ತಿ ಆಡುವುದು ಬೇರೆ ಸಂಗತಿ. ಬಸವಪ್ಪಶಾಸ್ತ್ರಿಗಳು ನಾಟಕವನ್ನು ಕನ್ನಡಿಸಿದ ಮೇಲೆ ಸಂಸ್ಕೃತವನ್ನರಿಯದವರಿಗೂ ಇದರ ಪರಿಚಯವುಂಟಾಯಿತು. ಅದರೊಡನೆ ಈ ಅಪಾರ್ಥಕ್ಕೂ ಎಡೆ ಹೆಚ್ಚಿತು. ಇದು ಕವಿಯ ಮಾತೋ, ಪಾತ್ರದ ಮಾತೋ ಎಂಬುದನ್ನು ನಿಶ್ಚಯಿಸಬೇಕಾದರೆ ಎರಡನ್ನು ನೋಡಬೇಕು: ಕೋಗಿಲೆಯ ನಿಜವಾದ ಬಾಳು ಎಂಥದು, ಮತ್ತು ನಾಟಕದಲ್ಲಿ ಕೋಗಿಲೆ ಎಲ್ಲೆಲ್ಲಿ ಕೂಗುವುದು.

ಕೋಗಿಲೆ ಗೂಡು ಕಟ್ಟದೆಂಬುದು ಹಳ್ಳಿಯ ಮಕ್ಕಳಿಗೂ ತಿಳಿದ ವಿಷಯ. ಅಮರಕೋಶವು ಕೋಗಿಲೆಗೆ ಪರಭೃತವೆಂದೂ ಕಾಗೆಗೆ ಪರಭೃತ್ ಎಂದೂ ಹೆಸರಿಟ್ಟಿದೆ. ಒಂದು ಪರರಿಂದ ಸಾಕಲ್ಪಟ್ಟದ್ದು, ಇನ್ನೊಂದು ಪರರನ್ನು ಸಾಕುವುದು. ಒಂದೇ ಒಂದು ಅಕಾರದ ಅಂತರದಲ್ಲಿ ನಮ್ಮ ಹಿರಿಯರು ಎರಡು ಪಕ್ಷಿಗಳ ಸಂಬಂಧವನ್ನೆಲ್ಲ ಅಡಗಿಸಿರುವರು. ಈ ಸಂಬಂಧಕ್ಕೆ ಕೋಗಿಲೆಯ ದೇಹವೂ ನಡತೆಯೂ ಎಷ್ಟು ಹೊಂದಿಕೊಂಡಿವೆಯೆಂಬುದು ಸೋಜಿಗಪಡತಕ್ಕದ್ದು. ಕಾಗೆ ಮೊಟ್ಟೆಯಿಡುವ ಕಾಲವೇ ಕೋಗಿಲೆ ಮೊಟ್ಟೆಯಿಡುವ ಕಾಲ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಕಿರಿದು. ಆದರೆ ಹಸುರುಬೆರೆತ ಮೈಬಣ್ಣದಲ್ಲಿಯೂ ಕಂದುಚುಕ್ಕೆಗಳಲ್ಲಿಯೂ ಬಹುಮಟ್ಟಿಗೆ ಅದನ್ನೇ ಹೋಲುವುದು. ಕಾಗೆಯ ಮೊಟ್ಟೆಗೆ ಹದಿನಾರು ಹದಿನೇಳು ದಿನಗಳ ಕಾವು ಬೇಕಾದರೆ, ಕೋಗಿಲೆಯದಕ್ಕೆ ಹದಿಮೂರು ಹದಿನಾಲ್ಕು ದಿನಗಳು ಸಾಕು. ಆದುದರಿಂದ ಅತಿಥಿಯೇ ಮನೆಯ ಮಕ್ಕಳಿಗಿಂತ ಮುಂಚೆ ಕಣ್ಣು ತೆರೆದು ತುತ್ತಿಗೆ ಬಾಯಿ ಚಾಚುವುದು. ಮರಿಯ ಮೈ ಮೊದಲು ಬಹುಮಟ್ಟಿಗೆ ಕಪ್ಪಾಗಿದ್ದು ಸಾಕುವ ಹಕ್ಕಿಗೆ ಸಂದೇಹವನ್ನುಂಟುಮಾಡದು; ಹೆಣ್ಣಿಗೆ ಸಹಜವಾದ ಕಂದುಮೈಯೂ ಬಿಳಿಯ ಚುಕ್ಕೆಗಳೂ ಬೆಳೆದ ಮೇಲೆ ಸ್ಫುಟವಾಗುವುವು. ಬೆಳೆದ ಕೋಗಿಲೆಗೆ ಆಲ, ಅತ್ತಿ ಮೊದಲಾದ ಹಣ್ಣುಗಳೇ ಮುಖ್ಯಾಹಾರ. ಆದರೆ ಮರಿಯು ಕಾಗೆ ತಂದುಕೊಟ್ಟುದನ್ನೆಲ್ಲ ಉಂಡು ಬೆಳೆಯುವುದು.

ಇಲ್ಲಿ ಒಂದು ಭೇದವನ್ನು ಮರೆಯಲಾಗದು. ಯುರೋಪಿನಲ್ಲಿ ಪ್ರಸಿದ್ಧವಾದ ಕುಕ್ಕೂ ಹಕ್ಕಿಯ ಮರಿಯು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಗೂಡಿನ ಮೊಟ್ಟೆಮರಿಗಳನ್ನು ಬೆನ್ನಮೇಲೆ ಹೊತ್ತು ಹೊರಕ್ಕೆ ನೂಕುವುದು. ಸಿಡುಬಿನ ದೇವಿಹಾಕುವ ವಿಧಾನದಿಂದ ಹೆಸರಾದ ಎಡ್ವರ್ಡ್ ಜೆನ್ನರನು 1788ರಲ್ಲಿ ಇದನ್ನು ವರ್ಣಿಸಿದನು. ನಮ್ಮ ಕೋಗಿಲೆಯ ಮರಿಯಲ್ಲಿ ಸಾಮಾನ್ಯವಾಗಿ ಈ ಕ್ರೌರ್ಯವಿಲ್ಲ. ತುತ್ತು ಸಾಲದೆ ಕಾಗೆಯ ಮರಿಗಳು ಸೊರಗಿ ಸಾಯುವುದುಂಟು. ಒಂದೇ ಗೂಡಿನಲ್ಲಿ ಎರಡು ಕುಲದ ಮರಿಗಳೂ ಬೆಳೆದು ಹಾರುವುದೂ ಉಂಟು.

ಹಾಗಾದರೆ ದುಷ್ಯಂತನು ಹೇಳಿದುದು ದಿಟವೇ ಆಯಿತಲ್ಲವೆ ಎನ್ನಬಹುದು. ದಿಟವೇ, ಆದರೆ ಅರ್ಧ ದಿಟ. ಕಲಿಸದೆ ಬಂದ ಪಟುತ್ವವೆಂದು ಅವನೇ ಒಪ್ಪಿರುವನು. ಡಾರ್ವಿನ್ ಪಂಡಿತನು 1859ರ ತನ್ನ ಮಹಾಗ್ರಂಥದಲ್ಲಿ ಸಹಜಪ್ರವೃತ್ತಿಯನ್ನು ಕುರಿತ ಅಧ್ಯಾಯದಲ್ಲಿ ಎತ್ತಿಕೊಂಡ ಉದಾಹರಣೆಗಳಲ್ಲಿ ಕುಕ್ಕೂ ಹಕ್ಕಿಯದೂ ಒಂದು. ಕಲಿಯದೆ, ಆಲೋಚಿಸದೆ, ಕುಲಕ್ಕೆ ಕುಲವೇ ಮಾಡುವ ಕಾರ್ಯವು ವಂಚನೆಯಾಗಲಾರದು. ವಂಚಿಸಲು ಬೇರೊಂದು ದಾರಿ ಕಂಡಿರಬೇಕು. ಇದು ದೊರೆಯ ವಾದದ ಮೊದಲನೆಯ ಬಿರುಕು. ಎರಡನೆಯದು ಇನ್ನೂ ದೊಡ್ಡದು. ಗಂಡುಕೋಗಿಲೆಯು ಗೂಡಿನ ಬಳಿ ಕೂಗಿ ಕಾಗೆಗಳನ್ನು ಕೆಣಕಿ, ಅಟ್ಟಿಸಿಕೊಂಡು ದೂರ ಹೋಗುವುದೂ, ಆ ಸಮಯದಲ್ಲಿ ಹೆಣ್ಣು ಗೂಡನ್ನು ಹೊಕ್ಕು ಮೊಟ್ಟೆಯಿಡುವುದೂ ಪಕ್ಷಿಗಳನ್ನು ಬಲ್ಲವರು ಬರೆದಿಟ್ಟಿರುವ ಸಂಗತಿ. ಕಾರ್ಯವು ದಂಪತಿಗಳದು, ಅಪವಾದವು ಮಾತ್ರ ಹೆಣ್ಣಿಗೆ.

ಗಂಡಿನ ಈ ಉಪಾಯವನ್ನು ಕಾಳಿದಾಸನು ಬಲ್ಲವನಾಗಿದ್ದನೆಂದು ನಾಟಕದಿಂದ ಹೇಳಲು ಬಾರದು. ಆದರೆ ಕೋಗಿಲೆಯಲ್ಲಿ ಹೆಣ್ಣುಗಂಡುಗಳ ಭೇದವನ್ನು ಅವನು ಚೆನ್ನಾಗಿ ಬಲ್ಲನು. ಇಂಪಾಗಿ ಹಾಡುವುದನ್ನು ಹೆಣ್ಣೆಂದು ಭಾವಿಸುವುದು ಲೋಕರೂಢಿ. ವಾಸ್ತವವಾಗಿ ವಸಂತದಲ್ಲಿ ಕುಹೂಕಾರ ಮಾಡುವುದು ಕೆಂಗಣ್ಣಿನ ಕರಿಯ ಗಂಡು, ಹೆಣ್ಣಿನದು ಕೀಚುದನಿ. ಕುಮಾರಸಂಭವದಲ್ಲಿ ಮಾವಿನ ಚಿಗುರನ್ನು ಸವಿದು ಹಾಡುವುದು ಪುಂಸ್ಕೋಕಿಲ. ಶಾಕುಂತಲದ ಆರನೆಯ ಅಂಕದಲ್ಲಿಯೂ ಹಾಗೆಯೇ.

ಇನ್ನು ನಾಟಕದ ಕೋಗಿಲೆಗಳನ್ನು ಅನುಕ್ರಮವಾಗಿ ನೋಡಿದರೆ ಕವಿಯ ಅಭಿಪ್ರಾಯವು ತಾನಾಗಿ ತೋರುವುದು. ನಾಲ್ಕನೆಯ ಅಂಕದಲ್ಲಿ ಶಕುಂತಲೆ ಆಶ್ರಮವನ್ನು ಬಿಟ್ಟು ಹೊರಡುವಾಗ ಕೋಗಿಲೆಯೊಂದು ಕೂಗುವುದು. ವನದ ಮರಗಳು ಅದರ ದನಿಯಿಂದ ಅನುಮತಿ ಕೊಟ್ಟುವೆಂದು ಕಣ್ವರು ತಿಳಿಯುವರು. ಅಲ್ಲಿಯೂ ಕವಿಯು ಬಳಸಿರುವುದು ಪರಭೃತವೆಂಬ ಪದವನ್ನೇ. ಕಣ್ವರಿಂದ ಸಾಕಲ್ಪಟ್ಟವಳಿಗೆ ಅನ್ಯರಿಂದ ಸಾಕಲ್ಪಟ್ಟ ಹಕ್ಕಿಯು ಬೀಳ್ಕೊಡುಗೆಯನ್ನು ಹಾಡುವುದು. ಸಾಕಣೆಯೆಂಬುದು ಅಲ್ಲಿ ಮಂಗಳದ ಮಾತು. ಮರು ಅಂಕದಲ್ಲಿಯೇ ಅದೇ ಪದವು ದುಷ್ಯಂತನ ಬಾಯಲ್ಲಿ ನಿಂದೆಯಾಗುವುದು. ಹಕ್ಕಿಗಳೆಂಬುದಕ್ಕೆ ಅವನು ಬಳಸುವ ದ್ವಿಜಶಬ್ದಕ್ಕೆ ಬ್ರಾಹ್ಮಣರೆಂಬ ಅರ್ಥವೂ ಉಂಟು. ಆಕಾಶಕ್ಕೆ ಹಾರುವುದೆಂಬಲ್ಲಿ ವಾಚ್ಯಾರ್ಥವು ಮರಿಯ ಹಾರಾಟ. ಆದರೆ ಕೂಸನ್ನು ಕಾಡಿನಲ್ಲಿಟ್ಟು ದೇವಲೋಕಕ್ಕೆ ತೆರಳಿದ ಮೇನಕೆಯನ್ನು ನೆನೆಯದೆ ಅದನ್ನು ಕೇಳಬಲ್ಲ ಸಹೃದಯನುಂಟೆ? ಈ ಜನ್ಮವೃತ್ತಾಂತವನ್ನು ಮೊದಲನೆಯ ಅಂಕದಲ್ಲಿ ಸಖಿಯ ಬಾಯಿಂದ ಕೇಳಿ ಹಿಗ್ಗಿದವನೂ ದುಷ್ಯಂತನೇ. ಅಂದು ಹರ್ಷಕ್ಕೆ ಕಾರಣವಾದುದು ಇಂದು, ನೆನಪು ಅಳಿದರೂ, ಚುಚ್ಚುಮಾತಾಗಿ ಹೊರಡುವುದು. ತಾಯಿ ತೊರೆದವಳು ಆ ತೊರೆತಕ್ಕೆ ತಾನೇ ಅಪರಾಧಿಯೆನ್ನಿಸಿಕೊಂಡು ಸಭೆಯಲ್ಲಿ ನಿಲ್ಲುವಳು. ಇದಕ್ಕಿಂತ ಮಿಗಿಲಾದ ಅನ್ಯಾಯವು ಆ ನಾಟಕದಲ್ಲಿ ಬೇರೊಂದಿಲ್ಲ.

ಆರನೆಯ ಅಂಕದಲ್ಲಿ ಉಂಗುರ ಕಂಡು ನೆನಪು ಮರಳಿದ ದೊರೆಯು ವಸಂತೋತ್ಸವವನ್ನು ನಿಷೇಧಿಸಿರುವನು. ಮಾವಿನ ಚಿಗುರನ್ನು ಕಂಡು ನಲಿಯುವ ಉದ್ಯಾನದ ದಾಸಿಯ ಹೆಸರು ಪರಭೃತಿಕೆ. ಶಿಶಿರವು ಕಳೆದರೂ ಗಂಡುಕೋಗಿಲೆಗಳ ದನಿ ಕೊರಳಲ್ಲಿಯೇ ತಡವರಿಸಿ ನಿಂತಿದೆಯೆಂದು ಕಂಚುಕಿಯು ಹೇಳುವನು. ಹೆಣ್ಣುಕೋಗಿಲೆಯನ್ನು ಹಳಿದವನ ರಾಜ್ಯದಲ್ಲಿ ಗಂಡುಕೋಗಿಲೆಯ ಕೊರಳು ಕಟ್ಟಿತು. ಇದನ್ನು ಆಕಸ್ಮಿಕವೆನ್ನುವುದು ಕಾಳಿದಾಸನನ್ನು ಅರಿಯದವರ ಮಾತು.

ಏಳನೆಯ ಅಂಕದಲ್ಲಿ ಉಪಮೆಯು ಪೂರ್ಣವಾಗಿ ತಿರುಗಿ ಬೀಳುವುದು. ದುಷ್ಯಂತನ ಮಗನು ಹೇಮಕೂಟದಲ್ಲಿ ಮಾರೀಚರ ಆಶ್ರಮದಲ್ಲಿ ಬೆಳೆಯುತ್ತಿರುವನು. ತನ್ನ ಸಂತಾನವನ್ನು ಪರರಿಂದ ಸಾಕಿಸಿದವರು ಯಾರು? ಶಕುಂತಲೆ ಮಗನ ಬಳಿಯಲ್ಲಿಯೇ ಇರುವಳು, ಇಲ್ಲದವನು ತಂದೆ. ತಾಪಸಿಯು ಹುಡುಗನಿಗೆ ಮಣ್ಣಿನ ನವಿಲನ್ನು ತೋರಿಸಿ ಈ ಶಕುಂತದ ಲಾವಣ್ಯವನ್ನು ನೋಡೆನ್ನಲು, ಆ ಶಬ್ದಗಳಲ್ಲಿ ತಾಯಿಯ ಹೆಸರನ್ನು ಕೇಳಿದ ಬಾಲನು ಅಮ್ಮನೆಲ್ಲಿಯೆಂದು ಸುತ್ತ ನೋಡುವನು. ದೊರೆಗೆ ಪತ್ನಿಯ ಸುಳಿವು ದೊರೆಯುವುದು ಅಲ್ಲಿ. ಹಕ್ಕಿಯ ನೆಪದಿಂದ ಕಳೆದವಳು ಹಕ್ಕಿಯ ಹೆಸರಿನಿಂದಲೇ ದೊರೆತಳು.

ಇದನ್ನೆಲ್ಲ ಕೂಡಿಸಿ ನೋಡಿದವರಿಗೆ ಐದನೆಯ ಅಂಕದ ಪದ್ಯವು ಕವಿಯ ಸಿದ್ಧಾಂತವೆಂದು ತೋರದು. ಅದು ನೆನಪಳಿದ ಗಂಡೊಬ್ಬನ ಮಾತು. ಅದನ್ನು ಖಂಡಿಸುವುದಕ್ಕಾಗಿಯೇ ಮುಂದಿನ ಎರಡು ಅಂಕಗಳು ಹುಟ್ಟಿವೆಯೆಂದರೂ ಸಲ್ಲುವುದು. ಕೋಗಿಲೆಯು ತನ್ನ ಕುಲಧರ್ಮದಂತೆ ಬಾಳುವುದು. ಅದರ ಮೇಲೆ ಮನುಷ್ಯರ ಪುಣ್ಯಪಾಪಗಳನ್ನು ಹೊರಿಸುವುದು ಮನುಷ್ಯರ ಅಭ್ಯಾಸ. ಆ ಅಭ್ಯಾಸವನ್ನು ದೊರೆಯ ಬಾಯಲ್ಲಿಟ್ಟು, ಅದರ ಫಲವನ್ನು ಅವನಿಗೇ ಉಣಿಸಿದುದು ಕಾಳಿದಾಸನ ಹಿರಿಮೆ. ಇನ್ನು ಮುಂದೆ ಈ ಪದ್ಯವನ್ನು ಉದಾಹರಿಸುವವರು, ದುಷ್ಯಂತನು ಹೇಳಿದುದಿದು, ಹೇಳಿ ಪಶ್ಚಾತ್ತಾಪಪಟ್ಟುದಿದು ಎಂಬ ಮಾತನ್ನೂ ಜೊತೆಗೆ ಸೇರಿಸುವುದು ನ್ಯಾಯ.