ತಾನೇ ತಿದ್ದಿಕೊಳ್ಳುವ ಲೆಕ್ಕ
ಮನೆಯ ಕಂಪ್ಯೂಟರಿನಲ್ಲಿ ಆಫೀಸ್ ತಂತ್ರಾಂಶ ಕಲಿಯುವವರು ಸಾಮಾನ್ಯವಾಗಿ ಪತ್ರ ಟೈಪು ಮಾಡುವುದರಿಂದ ಶುರುಮಾಡುತ್ತಾರೆ. ನಾನಾದರೆ ಸ್ಪ್ರೆಡ್‌ಶೀಟಿಗೇ ಕೈಹಾಕಿ ಎನ್ನುತ್ತೇನೆ. ಹಾಲು, ದಿನಸಿ, ಕರೆಂಟ್ ಬಿಲ್ಲು ಸಾಲಾಗಿ ಬರೆದು ಕೆಳಗೆ ಮೊತ್ತದ ಸೂತ್ರ ಹಾಕಿ. ಆಮೇಲೆ ಹಾಲಿನ ದುಡ್ಡು ತಿದ್ದಿದರೆ ಮೊತ್ತ ಕಣ್ಣೆದುರೇ ಬದಲಾಗುತ್ತದೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗೆ ತಂದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶದ ಚಮತ್ಕಾರ ಇದೇ. ಇಂದು ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್‌ನದೂ ಇದೇ.

ನನಗೆ ತೀರಾ ಇಷ್ಟವಾದದ್ದು ಡಾಲರ್ ಚಿಹ್ನೆ (ದುಡ್ಡಿಗೂ ಅದಕ್ಕೂ ಸಂಬಂಧವಿಲ್ಲ). ಸೂತ್ರವನ್ನು ಕೆಳಕ್ಕೆ ಎಳೆದಾಗ ಅದರೊಳಗಿನ ಕೋಶಗಳ (ಸೆಲ್‌ಗಳ) ವಿಳಾಸವೂ ಸಾಲು ಸಾಲಾಗಿ ಜಾರುತ್ತದೆ. ಡಾಲರ್ ಹಚ್ಚಿದ ವಿಳಾಸ ಮಾತ್ರ ಗೂಟಕ್ಕೆ ಕಟ್ಟಿದ ಹಸುವಿನಂತೆ ಅಲ್ಲೇ ಉಳಿಯುತ್ತದೆ. ಬಡ್ಡಿ ದರವನ್ನು ಅಂಥ ಒಂದೇ ಕೋಶದಲ್ಲಿಟ್ಟು ಸಾಲದ ಕಂತಿನ ಪಟ್ಟಿಯನ್ನೆಲ್ಲ ಕುಣಿಸಬಹುದು. ದರ ಅರ್ಧ ಶೇಕಡಾ ಏರಿಸಿ ನೋಡಿ. ಬ್ಯಾಂಕಿನವರು ಹೇಳುವ ಮೊದಲೇ ಕಂತು ಗೊತ್ತಾಗುತ್ತದೆ.